ಗೋಡೆಯ ಮೇಲಿಲ್ಲದ ಹೆಸರುಗಳು

"ಇಲ್ಲಿ ದುಡಿದವರ ಹೆಸರು ಕೆತ್ತಿದ ಈ ಗೋಡೆಯ ಮೇಲೆ ಒಬ್ಬ ಹೆಂಗಸಿನ ಹೆಸರೂ ಇಲ್ಲವಲ್ಲ, ಇದಕ್ಕೆ ಯಾರು ಹೊಣೆ?" ಎಂದು ನಾನು ಇಂಗ್ಲಿಷಿನಲ್ಲಿ ಗುಡುಗಿದಾಗ ನಮ್ಮ ಕನ್ನಡ ಬಳಗವೆಲ್ಲ ನೆಲ ನೋಡತೊಡಗಿತು. ಮಹಾಯುದ್ಧದ ಕಾಲದಲ್ಲಿ ಶತ್ರುಗಳ ಗುಪ್ತ ಸಂದೇಶಗಳನ್ನು ಭೇದಿಸುತ್ತಿದ್ದ, ಈಗ ವಸ್ತುಸಂಗ್ರಹಾಲಯವಾಗಿರುವ ಕಡಲತೀರದ ಕಟ್ಟಡವೊಂದಕ್ಕೆ ನಾವು ನೆಲೆಸಿರುವ ವಾಲ್ನಟ್ ಕ್ರೀಕ್ ಪಟ್ಟಣದಿಂದ ಪ್ರವಾಸ ಹೋಗಿದ್ದೆವು.

ವಿವರಣೆ ನೀಡುತ್ತಿದ್ದ ವೃದ್ಧೆ ಕೋಪಿಸಿಕೊಳ್ಳಲಿಲ್ಲ. "ನೀವು ಹೇಳುವುದು ಸರಿ. ಇಲ್ಲಿ ದುಡಿದ ಹೆಂಗಸರ ಹೆಸರು ಸೇರಿಸಲು ಅವರ ಮನೆಯವರನ್ನು ಹುಡುಕಬೇಕು; ಅದಕ್ಕೆ ನಮ್ಮಲ್ಲಿ ಜನರಿಲ್ಲ. ಶನಿವಾರಗಳಂದು ಬರುತ್ತೀರಾ?" ಎಂದರು.

ಹೊಣೆಗಾರಿಕೆಯನ್ನು ಪ್ರಶ್ನಿಸಲು ವಿಶ್ವವಿದ್ಯಾಲಯ ನನಗೆ ಕಲಿಸಿತ್ತು; ಹೊರಲು ಕಲಿಸಿರಲಿಲ್ಲ. ಫ್ರೀವೇ ಟ್ರಾಫಿಕ್ಕು, ಆಫೀಸು ಎಂದು ತೊದಲಿದೆ. ಅಷ್ಟರಲ್ಲಿ ನಮ್ಮ ಬಳಗದ ಉಡುಪಿಯ ಶಾರದಕ್ಕ ನನ್ನ ಪರವಾಗಿ ಒಪ್ಪಿಗೆ ಕೊಟ್ಟೇಬಿಟ್ಟು ನನ್ನತ್ತ ತಿರುಗಿದರು: "ಮತ್ತೆ ಅಷ್ಟು ಕೂಗಿದ್ದು ಎಂತಕ್ಕೆ ಮಾರಾಯ್ತಿ? ಶನಿವಾರ ಮಧ್ಯಾಹ್ನದವರೆಗೆ ಮಲಗುವುದು ಬಿಟ್ಟು ಬೇರೆಂತ ಕೆಲಸ ಉಂಟು ನಿನಗೆ?"

ಹೋಗತೊಡಗಿದೆ, ಮೊದಮೊದಲು ಗೊಣಗುತ್ತಲೇ. ಕಳೆದ ವಾರ ಅಲ್ಲಿ ದುಡಿದ ಒಬ್ಬಾಕೆಯ ಮಗಳು ಫೋನಿನಲ್ಲಿ ಸಿಕ್ಕರು. ತಾಯಿ ಅಲ್ಲಿ ಬರೀ ಟೈಪಿಸ್ಟ್ ಆಗಿದ್ದರೆಂದೇ ಅವರು ಇಷ್ಟು ವರ್ಷ ನಂಬಿದ್ದರಂತೆ. ತಾಯಿ ಶತ್ರುಗಳ ಗುಪ್ತ ಸಂದೇಶಗಳನ್ನು ಭೇದಿಸಿದವರೆಂದು ನನ್ನಿಂದ ತಿಳಿದು ಅಳತೊಡಗಿದರು. ಭಾಷಣಕ್ಕೆ ಎಂದೂ ಬರಗಾಲವಿಲ್ಲದ ನಾನು ಪೆನ್ನು ತೆಗೆದು, ಗೋಡೆಯ ಮೇಲೆ ಕೆತ್ತಿಸಲು ತಾಯಿಯ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಕೇಳಿ ಬರೆದುಕೊಂಡೆ.