ಈರುಳ್ಳಿ ಸಾಲಿನ ಜೇಕು

ತಂದೆಯ ಹೊಲ ಅಕ್ಕತಂಗಿಯರಿಬ್ಬರಿಗೆ ಪಾಲಾಗಿತ್ತು. ನಡುವೆ ಒಂದು ಬದು, ಅಷ್ಟೇ. ಅಕ್ಕ ಈರುಳ್ಳಿ ಹಾಕುತ್ತಿದ್ದಳು, ತಂಗಿ ಕ್ಯಾರೆಟ್. ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ. ತಂಗಿ ಮಾತಿಗೆ ಮೊದಲು ನಗುವವಳು. ಹಿಂದಿನ ವರ್ಷ ಗಂಡ ಮನೆ ಬಿಟ್ಟು ಹೋದಾಗಲೂ ಜನರೆದುರು ನಗುತ್ತಲೇ ಓಡಾಡಿದ್ದಳು. ಮಧ್ಯಾಹ್ನ ಇಬ್ಬರೂ ಬದುವಿನ ಮೇಲೆ ಕೂತು ಬುತ್ತಿ ಬಿಚ್ಚಿದರೆ ಊರಿನ ವ್ಯಾಜ್ಯವೆಲ್ಲ ಅಲ್ಲೇ ಇತ್ಯರ್ಥ.

ಒಂದು ಮಳೆಗಾಲ ಈರುಳ್ಳಿ ಸಾಲುಗಳ ನಡುವೆ ಹೊಳೆಯುವ ಹಸಿರು ಎದ್ದಿತು. ಮಾಮೂಲಿ ಹುಲ್ಲೆಂದು ಅಕ್ಕ ಕುಡುಗೋಲಿನಿಂದ ಸವರಿ ಹಾಕಿದಳು. ಒಂದಿದ್ದ ಕಡೆ ನಾಲ್ಕು ಬಂತು.

ಮಧ್ಯಾಹ್ನ ಬುತ್ತಿಗೆ ಕೂತಾಗ ತಂಗಿ ಒಂದು ದಂಟು ಕಿತ್ತು ಬೆರಳ ನಡುವೆ ಹೊರಳಿಸಿದಳು. "ಇದು ಹುಲ್ಲಲ್ಲ ಕಣೇ ಅಕ್ಕ, ಜೇಕು. ಮುಟ್ಟಿ ನೋಡು, ದಂಟು ಮೂರು ಮೂಲೆ. ಮೇಲೆ ಸವರಿದ್ರೆ ಹೋಗಲ್ಲ, ಕೆಳಗೆ ಗಡ್ಡೆ ಇರುತ್ತೆ."

"ಹಾಗಾದ್ರೆ ನಿನ್ನ ಕಡೆಯಿಂದಲೇ ಬಂದಿರ್ಬೇಕು."

ತಂಗಿ ನಕ್ಕುಬಿಟ್ಟಳು. ಆ ನಗುವಿಗೆ ಅಕ್ಕನ ಮೈ ಉರಿಯಿತು. "ಕಟ್ಟಿಕೊಂಡವನನ್ನೇ ಉಳಿಸ್ಕೊಳ್ಳೋಕೆ ಆಗದವಳು ಹೊಲ ಏನು ಉಳಿಸ್ಕೊಳ್ತೀಯ!"

ತಂಗಿ ಬುತ್ತಿ ಕಟ್ಟಿಕೊಂಡು ಎದ್ದು ಹೋದಳು. ಬೆಳೆ ಕಿತ್ತ ಮೇಲೆ ಹೊಲವನ್ನು ಗುತ್ತಿಗೆಗೆ ಕೊಟ್ಟು ಪೇಟೆಯ ಬೇಕರಿಯೊಂದರಲ್ಲಿ ಕೆಲಸಕ್ಕೆ ಸೇರಿದಳು.

ಬೇಸಿಗೆಯಲ್ಲಿ ಅಕ್ಕನ ಹೊಲ ಉಳಲು ಬಂದ ಟ್ರ್ಯಾಕ್ಟರಿನವನು ಗಾಡಿ ನಿಲ್ಲಿಸಿ ಕರೆದ. "ಅಕ್ಕೋರೇ, ಬದು ಹತ್ರ ಅಲ್ಲೊಂದು ಇಲ್ಲೊಂದು ಗಡ್ಡೆ. ಆ ಮೂಲೇಲಿ ನೋಡಿ, ಮಣ್ಣಿಗಿಂತ ಗಡ್ಡೆನೇ ಜಾಸ್ತಿ!"

ಅದು ತಗ್ಗು ಮೂಲೆ. ಸಮ ಮಾಡಲೆಂದು ಆ ಮಳೆಗಾಲಕ್ಕೆ ಮೊದಲು ಅಕ್ಕನೇ ಅಲ್ಲಿಗೆ ಕೆರೆಯ ಹೂಳು ತರಿಸಿ ಸುರಿಸಿದ್ದಳು. ಕೂತು ಕೆದಕಿದಳು. ಕಪ್ಪು ಗಡ್ಡೆಗಳು ಒಂದಕ್ಕೊಂದು ನೂಲಿನಂಥ ಬೇರಿನಲ್ಲಿ ಪೋಣಿಸಿಕೊಂಡು ಬಂದವು.

ಮಾರನೆಯ ದಿನವೇ ಬೇಕರಿಗೆ ಹೋದಳು. ತಂಗಿ ಗಾಜಿನ ಪೆಟ್ಟಿಗೆಯಲ್ಲಿ ಬನ್ನು ಜೋಡಿಸುತ್ತಿದ್ದಳು.

"ತಪ್ಪು ನಂದೇ. ಜೇಕು ನಾನು ತರಿಸಿದ ಹೂಳಲ್ಲೇ ಬಂದಿದ್ದು, ನಿನ್ನ ಕಡೆಗೂ ಅಲ್ಲಿಂದಲೇ ಹಬ್ಬಿದ್ದು."

"ಆವತ್ತೇ ಗೊತ್ತಿತ್ತು."

"ಮತ್ತೆ ಹೇಳ್ಬಾರ್ದಿತ್ತಾ?"

"ಜೇಕಿನ ಮಾತಿಗೆ ನಾನು ಎದ್ದು ಹೋದೆ ಅಂದ್ಕೊಂಡ್ರಾ?"

ಹುಟ್ಟಿದಾಗಿನಿಂದ ಏಕವಚನದಲ್ಲಿ ಕೂಗಿದವಳು 'ಅಂದ್ಕೊಂಡ್ರಾ' ಅಂದಿದ್ದಳು. ಅಷ್ಟರಲ್ಲಿ ಯಾರೋ ಬಿಸ್ಕತ್ತು ಕೇಳಿದರು, ತಂಗಿ ಆ ಕಡೆ ತಿರುಗಿದಳು.

ಆಮೇಲೆ ಅಕ್ಕ ಪ್ರತಿ ಬೇಸಿಗೆ ಆಳವಾಗಿ ಅಗೆಸಿ, ಗಡ್ಡೆ ಆರಿಸಿ, ಬಿಸಿಲಿಗೆ ಒಣಗಿಸಿ ಸುಟ್ಟಳು. ಮಳೆ ಬಿದ್ದೊಡನೆ ಅಲಸಂದೆಯನ್ನು ಒತ್ತಾಗಿ ಬಿತ್ತಿದಳು. ನೆರಳಲ್ಲಿ ಜೇಕು ಸೊರಗಿತು. ಅಳಿದುಳಿದದ್ದನ್ನು ಗಡ್ಡೆಸಮೇತ ಕಿತ್ತಳು. ಗುತ್ತಿಗೆಯವನನ್ನು ಕೇಳಿಕೊಂಡು ತಂಗಿಯ ಹೊಲದಲ್ಲೂ ಹಾಗೇ ಮಾಡಿದಳು. ಕೆಲವು ವರ್ಷಗಳಲ್ಲಿ ಎರಡೂ ಹೊಲ ಬಹುಮಟ್ಟಿಗೆ ಹಸನಾದವು.

ಗಂಡನ ವಿಷಯ ಎತ್ತಿ ಆಡಿದ ಆ ಮಾತಿಗೇ ಕ್ಷಮೆ ಕೇಳಬೇಕೆಂದು ಅವಳು ಬೇಕರಿಗೆ ಹೊರಡುವುದುಂಟು. ಬ್ರೆಡ್ಡು ಕೊಂಡು ವಾಪಸು ಬರುತ್ತಾಳೆ. ತಂಗಿ ಪೊಟ್ಟಣಕ್ಕೆ ದಾರ ಸುತ್ತುತ್ತಾ, ಮಕ್ಕಳು ಹೇಗಿದ್ದಾರೆಂದು ವಿಚಾರಿಸುತ್ತಾಳೆ. ಚೆನ್ನಾಗಿದ್ದಾರೆ ಎನ್ನುತ್ತಾಳೆ ಅಕ್ಕ.