ನಲ್ಲಿ ಇಲ್ಲದ ಜಾಡಿ

ಬಿಯರ್ ಮಾಡುವ ಹುಚ್ಚು ನನ್ನ ಗಂಡನಿಗೆ ಎಲ್ಲಿಂದ ಹತ್ತಿತೋ ಗೊತ್ತಿಲ್ಲ. ಕುಡಿಯುವುದರಲ್ಲಿ ಅವರು ಅಂಥ ಶೂರರೇನಲ್ಲ. ಮದುವೆಮನೆಯಲ್ಲಿ ಯಾರಾದರೂ ತೀರಾ ಒತ್ತಾಯ ಮಾಡಿದರೆ ಅರ್ಧ ಗ್ಲಾಸು, ಅದೂ ಮುಖ ಕಿವುಚಿಕೊಂಡು. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ ತಿರುವನಂತಪುರದಿಂದ ಫೋನ್ ಮಾಡಿ, "ಐದು ಲೀಟರಿನ ಗಾಜಿನ ಜಾಡಿ ಎಡಪ್ಪಳ್ಳಿಯಲ್ಲಿ ಸಿಗ್ತದಾ ನೋಡ್ತೀಯಾ?" ಎಂದರು. ನಾನು ಆಗಷ್ಟೇ ಬ್ಯಾಂಕಿನಿಂದ ಬಂದು ಚಪ್ಪಲಿಯನ್ನೂ ಬಿಚ್ಚದೆ ಕುರ್ಚಿಯಲ್ಲಿ ಕೂತಿದ್ದೆ. ಉಪ್ಪಿನಕಾಯಿಗೆ ಇರಬೇಕು ಅಂದುಕೊಂಡೆ.

"ಉಪ್ಪಿನಕಾಯಿಗಲ್ಲ ಮಾರಾಯ್ತಿ. ಬಿಯರ್ ಮಾಡ್ಲಿಕ್ಕೆ."

ಸರಕಾರಿ ಕಚೇರಿಯ ಕಾನೂನು ವಿಭಾಗದಲ್ಲಿ ಕೂತು ಊರಿಗೆಲ್ಲ ಕಾನೂನು ಹೇಳುವ ಮನುಷ್ಯನಿಗೆ, ಮನೆಯಲ್ಲಿ ಬಿಯರ್ ಮಾಡಲಿಕ್ಕೆ ಇಲ್ಲಿ ಬಿಡುವುದಿಲ್ಲ ಎಂದು ನಾನು ನೆನಪಿಸಬೇಕಾಯಿತು. ಅವರಿಗೆ ಗೊತ್ತಿರದೆ ಏನು. ಸ್ವಲ್ಪ ದಿನ ಬಿಟ್ಟು, ಹಾಗಾದರೆ ಶುಂಠಿಯದ್ದು ಮಾಡುತ್ತೇನೆ ಎಂದರು. ಶುಂಠಿ, ಸಕ್ಕರೆ, ನಿಂಬೆಹುಳಿ, ಚಿಟಿಕೆ ಯೀಸ್ಟು. ಎರಡು ದಿನ ಹುಳಿಬರಿಸಿ ಫ್ರಿಜ್ಜಿನಲ್ಲಿಟ್ಟರೆ ಅಮಲೇರದೆ ನೊರೆ ಮಾತ್ರ ಬರುತ್ತದಂತೆ. ಆದರೆ ಸಾಮಾನು ಬಿಯರಿನದ್ದೇ ಬೇಕು. ಕೈ ಪಳಗುವುದಾದರೆ ಸರಿಯಾದ ಸಾಮಾನಿನಲ್ಲೇ ಪಳಗಲಿ ಎಂಬುದು ಅವರ ವಾದ.

ನಾವಿಬ್ಬರೂ ಕಾಸರಗೋಡು ಕಡೆಯವರು, ಇಬ್ಬರದ್ದೂ ವರ್ಗಾವಣೆಯ ನೌಕರಿ. ನಾನು ಮಗಳ ಜೊತೆ ಕೊಚ್ಚಿಯ ಎಡಪ್ಪಳ್ಳಿಯ ಫ್ಲ್ಯಾಟಿನಲ್ಲಿ, ಅವರು ತಿರುವನಂತಪುರದ ಉಳ್ಳೂರಿನಲ್ಲಿ ಮೆಡಿಕಲ್ ಕಾಲೇಜಿನ ಹತ್ತಿರ ಒಂದು ಬಾಡಿಗೆ ಮನೆಯಲ್ಲಿ. ವಾರದ ಕೊನೆಗೆ ಒಮ್ಮೆ ಅವರು ರೈಲು ಹತ್ತುತ್ತಾರೆ, ಒಮ್ಮೆ ನಾನು. ಕೊಚ್ಚಿಗೆ ವರ್ಗ ಕೇಳಿ ಅರ್ಜಿ ಹಾಕುವ ಕೆಲಸ ಪ್ರತಿ ವರ್ಷ ಅವರದ್ದು. ಇಬ್ಬರೂ ಹಾಕುವ ಹಾಗಿಲ್ಲ. ಹಾಕಿದರೆ ಇಬ್ಬರಿಗೂ ಸಿಕ್ಕಿ, ಅವರು ಇಲ್ಲಿಗೆ ಬಂದು ನಾನು ಅಲ್ಲಿಗೆ ಹೋಗಿ ಮುಟ್ಟಿದರೆ ಎಂತ ಮಾಡುವುದು? ನನ್ನ ಬ್ಯಾಂಕಿನಲ್ಲೇ ಒಂದು ಜೋಡಿಗೆ ಹಾಗೆ ಆದದ್ದುಂಟು. ಮಗಳ ಶಾಲೆಯೂ ಇಲ್ಲೇ ಇದ್ದದ್ದರಿಂದ ನಾನು ಅಲ್ಲಾಡುವುದು ಬೇಡ, ಅವರೇ ಬರಲಿ ಎಂದು ಮೊದಲೇ ತೀರ್ಮಾನವಾಗಿತ್ತು. ವರ್ಗಾವಣೆಯ ಪಟ್ಟಿ ಬರುತ್ತಿತ್ತು, ಅದರಲ್ಲಿ ಇವರ ಹೆಸರು ಇರುತ್ತಿರಲಿಲ್ಲ.

ಹೀಗೆ ಬದುಕುವವರ ಮನೆಯಲ್ಲಿ ಒಂದು ಕಟ್ಟಳೆ ಇರುತ್ತದೆ. ಲಾರಿಯಲ್ಲಿ ಹೋಗುವಾಗ ಒಡೆಯುವಂಥದ್ದನ್ನು ಕೊಳ್ಳಬಾರದು, ಕೊಂಡರೆ ಅದರ ರಟ್ಟಿನ ಪೆಟ್ಟಿಗೆಯನ್ನು ಬಿಸಾಡಬಾರದು. ಟಿವಿಯದ್ದು, ಮಿಕ್ಸಿಯದ್ದು, ಟೇಬಲ್ ಫ್ಯಾನಿನದ್ದು, ಎಲ್ಲ ಪೆಟ್ಟಿಗೆಗಳೂ ಥರ್ಮಾಕೋಲಿನ ಸಮೇತ ನಮ್ಮ ಅಟ್ಟದಲ್ಲಿ ಕಾಯುತ್ತಾ ಕೂತಿರುತ್ತವೆ. ಉಳ್ಳೂರಿನ ಮನೆಗೂ ನಾನೇ ಹೋಗಿ ಅಟ್ಟದಲ್ಲಿ ಒಂದರೊಳಗೆ ಒಂದನ್ನು ಇಟ್ಟು ಬಂದಿದ್ದೆ. ಬೇರೆಯವರಿಗೆ ಇದು ಕಸ. ನಮಗೆ, ಇಲ್ಲಿ ಹೆಚ್ಚು ದಿನ ಇರುವವರಲ್ಲ ಎಂಬುದಕ್ಕೆ ಇದ್ದ ಒಂದೇ ಸಾಕ್ಷಿ.

ಹಾಗಾಗಿ ನಾನು ಪ್ಲಾಸ್ಟಿಕ್ಕಿನ ಪರ ವಹಿಸಿದೆ. ಊಟದ ಸಾಮಾನಿಗೆಂದೇ ಮಾಡಿದ, ಬಿಗಿ ಮುಚ್ಚಳದ, ಬುಡದಲ್ಲಿ ನಲ್ಲಿ ಇರುವ ಬಕೆಟ್ಟನ್ನು ಅಂಗಡಿಯಲ್ಲಿ ನೋಡಿದ್ದೆ. ಹಗುರ, ಬಿದ್ದರೆ ಒಡೆಯುವುದಿಲ್ಲ, ನಲ್ಲಿ ತಿರುಗಿಸಿದರೆ ಬಾಟಲಿ ತುಂಬುತ್ತದೆ. ಇಂಟರ್ನೆಟ್ಟಿನಲ್ಲಿ ಓದಿದರೆ ಹೊಸಬರಿಗೆ ಅದೇ ಒಳ್ಳೆಯದೆಂದು ಎಷ್ಟೋ ಜನ ಬರೆದಿದ್ದರು. ಇವರು ಒಪ್ಪಲಿಲ್ಲ. ಪ್ಲಾಸ್ಟಿಕ್ಕನ್ನು ಉಜ್ಜಿದರೆ ಗೀರು ಬೀಳುತ್ತದೆ, ಗೀರಿನಲ್ಲಿ ಕೊಳೆ ಕೂರುತ್ತದೆ, ಆಮೇಲೆ ಮಾಡಿದ್ದೆಲ್ಲ ಹುಳಿ ವಾಸನೆ ಎಂದರು. ನಲ್ಲಿಯ ಸಂದು ತೊಳೆಯುವುದಂತೂ ಯಾರಿಂದಲೂ ಆಗುವ ಕೆಲಸವಲ್ಲವಂತೆ. ಗಾಜಿನ ಜಾಡಿ, ಅದರ ಬಾಯಿಗೆ ರಬ್ಬರಿನ ಬಿರಡೆ, ಬಿರಡೆಗೆ ಒಳಗಿನ ಗಾಳಿ ಹೊರಗೆ ಬಿಟ್ಟು ಹೊರಗಿನದ್ದನ್ನು ಒಳಗೆ ಬಿಡದ ಪುಟ್ಟ ನಳಿಗೆ, ಬಾಟಲಿಗೆ ಇಳಿಸಲಿಕ್ಕೆ ಉದ್ದದ ಕೊಳವೆ. ಇಷ್ಟೇ ಸಾಕು ಎಂದರು. ಇಷ್ಟೇ ಎನ್ನುವುದನ್ನು ಹೇಳಲಿಕ್ಕೆ ಒಂದು ತಿಂಗಳು ತೆಗೆದುಕೊಂಡರು.

ನಿಜ ಹೇಳಬೇಕೆಂದರೆ ಆ ಒಂದು ತಿಂಗಳು ನನಗೆ ಹಿತವಾಗಿತ್ತು. ಅದಕ್ಕೆ ಮುಂಚೆ ನಮ್ಮ ಫೋನಿನಲ್ಲಿ ಇದ್ದದ್ದು ಒಂದೇ ಮಾತು. ಪಟ್ಟಿ ಬಂತಾ? ಇಲ್ಲ. ಯಾವಾಗ ಬರಬಹುದಂತೆ? ಗೊತ್ತಿಲ್ಲ. ಊಟ ಆಯಿತಾ? ಈಗ ಸೆಕೆಯ ಬಗ್ಗೆ ಮಾತಾಡುತ್ತಿದ್ದೆವು, ಈ ಊರಿನ ಸೆಕೆಗೆ ಯೀಸ್ಟು ಹೇಗೆ ಬೇಗ ಕೆಡುತ್ತದೆ, ಜಾಡಿಯನ್ನು ನೀರಿನ ಟಬ್ಬಿನಲ್ಲಿಟ್ಟು ಒದ್ದೆ ಟವೆಲು ಸುತ್ತಿದರೆ ಸಾಕೇ ಎಂದು. ಪಟ್ಟಿಯ ಮಾತು ನಿಂತದ್ದು ನನ್ನ ಗಮನಕ್ಕೇ ಬರಲಿಲ್ಲ. ನನಗೂ ಅದು ಬೇಡವಾಗಿತ್ತು.

ಜಾಡಿ ಸಿಕ್ಕಿತು. ಶನಿವಾರ ಬೆಳಿಗ್ಗೆ ಅದನ್ನು ಪೆಟ್ಟಿಗೆಯ ಸಮೇತ ತೊಡೆಯ ಮೇಲಿಟ್ಟುಕೊಂಡು ತಿರುವನಂತಪುರದವರೆಗೆ ಹೋದೆ. ಕಾಲು ಜೋಮು ಹಿಡಿದು ಇಳಿಯುವಾಗ ನಿಲ್ಲಲಿಕ್ಕಾಗಲಿಲ್ಲ. ಮಗಳನ್ನು ಕರೆದಿದ್ದೆ, ಪ್ಲಸ್ ಟು ಪರೀಕ್ಷೆಯ ವರ್ಷ, ಟ್ಯೂಷನ್ ಇದೆ ಎಂದು ಮಲಯಾಳದಲ್ಲೇ ಹೇಳಿ ಬಾಗಿಲು ಹಾಕಿಕೊಂಡಳು. ಪಕ್ಕದ ಫ್ಲ್ಯಾಟಿನ ಚೇಚಿಗೆ ನೋಡಿಕೊಳ್ಳಲು ಹೇಳಿ ಬಂದಿದ್ದೆ.

ಉಳ್ಳೂರಿನ ಮನೆಯಲ್ಲಿ ಇವರು ಜಾಡಿಯನ್ನು ಮಗುವನ್ನು ಎತ್ತುವ ಹಾಗೆ ಎತ್ತಿ ಮೇಜಿನ ಮೇಲಿಟ್ಟರು. ಆಮೇಲೆ ಪೆಟ್ಟಿಗೆಯ ನಾಲ್ಕೂ ಮೂಲೆಯನ್ನು ಚೂರಿಯಿಂದ ಕೊಯ್ದು ಚಪ್ಪಟೆ ಮಾಡಿ, ನೀರಿನ ಟಬ್ಬಿನ ಅಡಿಗೆ ಹಾಸಿದರು.

"ಪೆಟ್ಟಿಗೆ ಯಾಕೆ ಹರಿದದ್ದು?" ಎಂದೆ.

"ನೆಲ ಒದ್ದೆ ಆಗ್ತದಲ್ಲ."

ನಾನು ಅಡುಗೆಮನೆಗೆ ಹೋಗಿ ತಲೆ ಎತ್ತಿ ನೋಡಿದೆ. ಅಟ್ಟ ಖಾಲಿ. ಒಂದು ಹಳೆಯ ಕೊಡೆ ಬಿಟ್ಟರೆ ಏನೂ ಇರಲಿಲ್ಲ.

"ಗೆದ್ದಲು ಹಿಡಿದಿತ್ತು. ಗುಜರಿ ಆಕ್ರಿಯವ ಬಂದಾಗ ಎಲ್ಲ ಕೊಟ್ಟೆ," ಎಂದರು ಹಿಂದಿನಿಂದ.

"ಅರ್ಜಿ ಹಾಕಿದ್ದೀರಾ?"

ಅವರು ಕೈ ಒರೆಸಿಕೊಂಡರು. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡರು. "ಈ ಸಲ ಹಾಕ್ಲಿಲ್ಲ. ನನ್ನಿಂದ ಆಗೂದಿಲ್ಲ ಇನ್ನು. ಪ್ರತಿ ಸಲ ಆ ಪಟ್ಟಿ ಮೇಲಿಂದ ಕೆಳಗೆ ನೋಡೂದು, ಮತ್ತೆ ಕೆಳಗಿಂದ ಮೇಲೆ ನೋಡೂದು. ಸಾಕಾಗಿ ಹೋಯ್ತು."

ನನಗೆ ಸಿಟ್ಟು ಬಂತು. ಅರ್ಜಿ ಹಾಕದ್ದಕ್ಕಲ್ಲ, ನನ್ನಲ್ಲಿ ಹೇಳದೆ ಅವರೊಬ್ಬರೇ ದಣಿದದ್ದಕ್ಕೆ. ನಾನೇನು ಬೆಣ್ಣೆ ತಿಂದು ಮಲಗಿದ್ದೆನೇ? ಪರಿಚಯದವರಿಗೆಲ್ಲ ಮುಂದಿನ ವರ್ಷ ಒಟ್ಟಿಗೆ ಇರುತ್ತೇವೆ ಎಂದು ಹೇಳಿ ಹೇಳಿ ನನ್ನ ನಾಲಿಗೆಯೂ ಸವೆದಿತ್ತು. ಇವರು ಇಲ್ಲಿ ಒಬ್ಬರೇ ಬೇರು ಬಿಡುತ್ತಿದ್ದಾರೆ, ಅದಕ್ಕೆ ಬೇಕಾದ ಪಾತ್ರೆಯನ್ನು ನಾನೇ ಹೊತ್ತು ತಂದುಕೊಟ್ಟೆ ಎಂದು ಅನಿಸಿತು. ಜಗಳ ಆಡುವಷ್ಟು ತ್ರಾಣ ಇರಲಿಲ್ಲ. ಅನ್ನಕ್ಕಿಟ್ಟೆ. ಭಾನುವಾರದ ರೈಲಿನಲ್ಲಿ ವಾಪಸು ಬಂದೆ.

ಗುರುವಾರ ಅವರು ಶುಂಠಿ ಕುದಿಸಿ ಜಾಡಿಗೆ ಹಾಕಿದರು. ನಳಿಗೆಯಲ್ಲಿ ಗುಳುಗುಳು ಶುರುವಾದದ್ದನ್ನು ಫೋನಿನಲ್ಲಿ ಕೇಳಿಸಿದರು. ನಾನು ಹ್ಞೂಂ ಎಂದೆ. ಶನಿವಾರ ಬಾಟಲಿಗೆ ಇಳಿಸಬೇಕು, ಬರ್ತೀಯಾ ಎಂದು ಕೇಳಿದರು. ಆ ವಾರ ಬರಬೇಕಾದದ್ದು ಅವರು.

"ನೀವೇ ಇಳಿಸಿ."

"ಒಬ್ಬನಿಂದ ಆಗೂದಿಲ್ಲ. ಕೊಳವೆಯ ಈಚೆ ತುದಿ ಒಬ್ಬರು ಹಿಡೀಬೇಕು, ಆಚೆ ತುದಿ ಒಬ್ಬರು."

ಹೋದೆ. ಹೋಗಬಾರದೆಂದು ಮೂರು ಸಲ ನಿಶ್ಚಯ ಮಾಡಿ ಹೋದೆ. ಮೇಜಿನ ಮೇಲೆ ಜಾಡಿ, ಕೆಳಗೆ ನೆಲದಲ್ಲಿ ಬಿಸಿನೀರಿನಲ್ಲಿ ತೊಳೆದ ಬಾಟಲಿಗಳು. ನಾನು ಮೇಜಿನ ಹತ್ತಿರ ನಿಂತು ಕೊಳವೆಯ ತುದಿಯನ್ನು ಜಾಡಿಯ ತಳದ ಗಸಿಗೆ ತಾಗದ ಹಾಗೆ ಎತ್ತಿ ಹಿಡಿದೆ. ಅವರು ಕೆಳಗೆ ಕುಕ್ಕರುಗಾಲಿನಲ್ಲಿ ಕೂತು ಒಂದು ಬಾಟಲಿ ತುಂಬಿದಾಗ ಕೊಳವೆ ಚಿವುಟಿ ಇನ್ನೊಂದಕ್ಕೆ ಹಾಕಿದರು. ಅವರ ನೆತ್ತಿ ನನಗೆ ಕಾಣುತ್ತಿತ್ತು. ಕೂದಲು ಇಷ್ಟು ಯಾವಾಗ ತೆಳ್ಳಗಾಯಿತು ಎಂದು ನೆನಪು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಎಷ್ಟೋ ದಿನಗಳ ಮೇಲೆ ನಾವಿಬ್ಬರೂ ಸೇರಿ ಒಂದು ಕೆಲಸ ಮಾಡುತ್ತಿದ್ದೆವು.

ಕೊನೆಯ ಬಾಟಲಿಯ ಮುಚ್ಚಳದ ತಂತಿ ಒತ್ತಿ ಅವರು ಮೊಣಕಾಲು ಹಿಡಿದುಕೊಂಡು ಎದ್ದರು.

"ಮುಂದಿನ ಸಲಕ್ಕೆ ನೀನು ಹೇಳಿದ ಆ ನಲ್ಲಿಯ ಬಕೆಟ್ ತರಿಸ್ತೇನೆ. ನಾನೊಬ್ಬನೇ ತುಂಬಿಸ್ಲಿಕ್ಕೆ ಆಗ್ತದೆ. ನಿನಗೆ ಈ ಓಡಾಟ ಬೇಡ, ಮುಖ ನೋಡು ಹೇಗೆ ಆಗಿದೆ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೂ ಆ ಮಾತು ಕೇಳಿದ ಮೇಲೆ ನನಗೆ ಆ ಮನೆಯಲ್ಲಿ ಕೂರಲಾಗಲಿಲ್ಲ. ಮರುದಿನ ಹೊರಡುವಾಗ ಮಗಳಿಗೆಂದು ಎರಡು ಬಾಟಲಿ ಕೊಡಲು ಬಂದರು. ಅವನ್ನಿಟ್ಟು ಒಯ್ಯಲು ಆ ಮನೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇರಲಿಲ್ಲ. ಇಲ್ಲೇ ಫ್ರಿಜ್ಜಿನಲ್ಲಿರಲಿ ಎಂದೆ.

ರೈಲಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಿದ್ದೆ, ನಿದ್ದೆ ಬರಲಿಲ್ಲ. ಮಾರ್ಚಿನಲ್ಲಿ ಮಗಳ ಪರೀಕ್ಷೆ ಮುಗಿಯುತ್ತದೆ. ಇವರು ಅರ್ಜಿ ಹಾಕಿಲ್ಲ, ಇನ್ನು ಹಾಕುವುದೂ ಇಲ್ಲ. ಹಾಗಾದರೆ ತಿರುವನಂತಪುರಕ್ಕೆ ವರ್ಗ ಕೇಳಿ ನಾನು ಹಾಕಿದರೆ ಅದಲು ಬದಲಾಗುವ ಭಯವೂ ಇಲ್ಲ. ಇಷ್ಟು ಸರಳವಾದದ್ದು ತಲೆಗೆ ಹೋಗಲಿಕ್ಕೆ ಅರ್ಧ ದಾರಿಯ ಕಾಯಂಕುಳಂ ದಾಟಬೇಕಾಯಿತು. ಸಿಗುತ್ತದೆಂಬ ನಂಬಿಕೆಯೇನೂ ಬರಲಿಲ್ಲ. ನಂಬುವುದು ಒತ್ತಟ್ಟಿಗಿರಲಿ, ಅರ್ಜಿಯಾದರೂ ಇರಲಿ ಅನಿಸಿತು.

ಮನೆ ತಲುಪಿದೆನೆಂದು ಹೇಳಲು ಫೋನ್ ಮಾಡಿದೆ. ಅವರು, ಒಂದು ಬಾಟಲಿ ತೆರೆದೆ, ನೊರೆ ಒಳ್ಳೆ ಬಂದಿದೆ, ಶುಂಠಿ ಮಾತ್ರ ಸ್ವಲ್ಪ ಖಾರ ಆಯಿತು ಎಂದರು. ನಾನು ಪೂರ್ತಿ ಕೇಳಿದೆ.

"ಆ ಬಕೆಟ್ ತರಿಸಿದ್ದೀರಾ?"

"ಇಲ್ಲ. ನಾಳೆ ತರಿಸುವಾ ಅಂತ."

"ತರಿಸ್ಬೇಡಿ," ಎಂದೆ. "ಈ ಸಲ ಅರ್ಜಿ ನಾನು ಹಾಕ್ತೇನೆ."