ಪೆಟ್ಟಿಗೆಯೊಳಗಿನ ಅಪ್ಪ

ರಮಾಕಾಂತನಿಗೆ ಅಭಿಪ್ರಾಯಗಳ ಬರ ಎಂದೂ ಬಂದಿರಲಿಲ್ಲ. ತುಮಕೂರು ಕಡೆಯ ಈ ಬ್ಯಾಂಕ್ ಅಧಿಕಾರಿ 1986ರಲ್ಲಿ ವಿಶಾಖಪಟ್ಟಣದ ಗಾಜುವಾಕ ಶಾಖೆಗೆ ವರ್ಗವಾಗಿ ಬಂದಾಗ ಜೊತೆಯಲ್ಲಿ ಹೆಂಡತಿ ಕಮಲಾ, ಆರು ತಿಂಗಳ ಮಗಳು ವಿಜಯಲಕ್ಷ್ಮೀ, ಎರಡು ಟ್ರಂಕು ಇದ್ದವು. ಉಳಿದದ್ದೆಲ್ಲ ಅಭಿಪ್ರಾಯ. ಮಿಕ್ಸಿಯಲ್ಲಿ ರುಬ್ಬಿದ ಚಟ್ನಿಗೆ ಸಿಟ್ಟು ಹೆಚ್ಚು ಎಂದು ಅವನ ನಂಬಿಕೆ. ಬಾಟಲಿಯ ಹಾಲು ಕುಡಿದ ಮಗು ದೊಡ್ಡದಾದ ಮೇಲೆ ತಾಯಿಯನ್ನು ಮರೆಯುತ್ತದೆ, ಚಕ್ರದ ನಡೆಗಾಡಿಯಲ್ಲಿ ಕಲಿತ ಮಗು ಮುಂದೆ ಸರಕಾರಿ ನೌಕರಿಯಲ್ಲೂ ಜಾರುತ್ತದೆ ಎಂದು ಕೌಂಟರಿನ ಆಚೆ ನಿಂತ ಗಿರಾಕಿಗಳಿಗೂ ಹೇಳುತ್ತಿದ್ದ. ಅವರು ಡ್ರಾಫ್ಟು ಕೈಗೆ ಬರುವ ತನಕ ತಲೆಯಾಡಿಸುತ್ತಿದ್ದರು.

ಟೀವಿಯ ಬಗ್ಗೆಯಂತೂ ಅವನದು ಅಭಿಪ್ರಾಯವಲ್ಲ, ವ್ರತ. ಮೆಣಸಿನಕಾಯಿ ಬಜ್ಜಿ ಕಟ್ಟಿಕೊಟ್ಟ ಕಾಗದದಲ್ಲಿ ಅವನು ಒಂದು ಲೇಖನ ಓದಿದ್ದ. ಟೀವಿಯಿಂದ ಮಕ್ಕಳ ಮೆದುಳಿಗೆ ಏನೋ ಆಗುತ್ತದೆ ಎನ್ನುವಲ್ಲಿಗೆ ಕಾಗದ ಹರಿದಿತ್ತು. ಏನಾಗುತ್ತದೆ ಎಂಬುದನ್ನು ರಮಾಕಾಂತ ತಾನೇ ಪೂರೈಸಿಕೊಂಡ.

"ಆ ಬೆಳಕು ನೇರವಾಗಿ ಹೋಗಿ ಮೆದುಳಿನ ನೀರು ಆರಿಸಿಬಿಡುತ್ತೆ ಕಣೇ," ಎಂದು ಕಮಲಳಿಗೆ ಹೇಳಿದ. "ಈ ಮನೆಗೆ ಅದು ಬರಕೂಡದು."

ಬರಲಿಲ್ಲ. ಆದರೆ ಪಕ್ಕದ ಪೋರ್ಷನ್ನಿನಲ್ಲಿ ಅದು ಮೊದಲೇ ಬಂದು, ಕಸೂತಿಯ ಮುಸುಕು ಹೊದ್ದು ಕೂತಿತ್ತು. ಆ ಮನೆಯವನು ಕಾಮೇಶ್ವರ, ಉಕ್ಕಿನ ಕಾರ್ಖಾನೆಯ ಕೆಲಸದಲ್ಲಿ ಕ್ರೇನು ನಡೆಸುವವನು. ಅವನ ಹೆಂಡತಿ ಕನಕದುರ್ಗಳಿಗೆ ಮಕ್ಕಳಿರಲಿಲ್ಲ. ಕಮಲಾ ಅಡುಗೆಗೆ ನಿಂತಾಗ ಅವಳೇ ಬಂದು ವಿಜಿಯನ್ನು ಎತ್ತಿಕೊಂಡು ಹೋಗುತ್ತಿದ್ದಳು. ಅಲ್ಲಿ ಟೀವಿ ಓಡುತ್ತಿರುತ್ತದೆ ಎಂದು ಕಮಲಳಿಗೆ ಗೊತ್ತು. ಸಾರು ಉಕ್ಕುವಾಗ ಮೆದುಳಿನ ನೀರಿನ ಯೋಚನೆ ಅವಳಿಗೆ ಬರುತ್ತಿರಲಿಲ್ಲ.

ಹೀಗಿರುವಾಗ ವಿಜಿಗೆ ಮೂರು ತುಂಬಿತು. ಮಾತು ಬರಲಿಲ್ಲ. ಬೇಕಾದ್ದಕ್ಕೆ ಬೆರಳು ತೋರಿಸುತ್ತಿದ್ದಳು, ಬೇಡವಾದ್ದಕ್ಕೆ "ಊಹೂಂ." ಡಾಕ್ಟರು ಕಿವಿ, ನಾಲಿಗೆ ನೋಡಿ, "ಎಲ್ಲಾ ಸರಿಯಾಗಿದೆ. ಮನೆಯಲ್ಲಿ ಮಗುವಿನ ಜೊತೆ ಮಾತಾಡಿ," ಎಂದರು. ಊರಿನಿಂದ ಕಮಲಳ ಅತ್ತೆ ಬಜೆ ತೇಯ್ದು ನಾಲಿಗೆಗೆ ಸವರಲು ಬರೆದರು. ರಮಾಕಾಂತ ಮಾತ್ರ ಗೋಡೆಯ ಕಡೆ ಕೈ ತೋರಿಸಿದ.

"ಇಟ್ಟಿಗೆ ಗೋಡೆ, ಸುಣ್ಣ ಬೇರೆ ತೆಳು. ಅವರ ಟೀವಿ ಗೋಡೆ ದಾಟಿ ಬರ್ತಾ ಇದೆ."

"ಡಾಕ್ಟರು ಮಾತಾಡಿ ಅಂದ್ರಲ್ಲಾ, ನೀವು ಒಂದಿಷ್ಟು ಮಾತಾಡ್ಸಬಾರ್ದೇನ್ರೀ ಅವಳನ್ನ?" ಎಂದಳು ಕಮಲಾ.

ರಮಾಕಾಂತನಿಗೆ ಆ ಮಾತು ಹಿಡಿಸಿತು. ಆದರೆ ಮಗುವಿನ ಜೊತೆ ಸುಮ್ಮನೆ ಮಾತಾಡುವುದು ಅವನಿಗೆ ಶಿಸ್ತಿಲ್ಲದ ಕೆಲಸವಾಗಿ ಕಂಡಿತು. ಬ್ಯಾಂಕಿನ ಗುಮಾಸ್ತ ಜಗನ್ಮೋಹನನ ಅಣ್ಣ ಮಸ್ಕತ್ತಿನಿಂದ ಟೇಪ್ ರೆಕಾರ್ಡರ್ ತಂದಿದ್ದ, ರೇಡಿಯೋ ಸಹ ಅದರಲ್ಲೇ. ರಮಾಕಾಂತ ಅದನ್ನು ಕೊಂಡು ತಂದ.

"ಇದೂ ಯಂತ್ರವೇ ಅಲ್ವೇ?" ಎಂದಳು ಕಮಲಾ.

"ಇದು ವಿಜ್ಞಾನ," ಎಂದ ರಮಾಕಾಂತ. "ಟೀವಿ ಮಾತಾಡಿಸೋದು ಯಾರನ್ನೋ. ಇದರಲ್ಲಿ ಮಾತಾಡೋನು ನಾನು."

ಅಂದಿನಿಂದ ಸಾಯಂಕಾಲ ಬ್ಯಾಂಕಿನಿಂದ ಬಂದವನೇ ಕಾಫಿ ಕುಡಿದು ಒಳಕೋಣೆಗೆ ಹೋಗಿ ಅಗಳಿ ಹಾಕಿಕೊಳ್ಳುತ್ತಿದ್ದ. ಮೈಕಿನ ತೂತಿಗೆ ಬಾಯಿಟ್ಟು, ಆಕಾಶವಾಣಿಯವರಿಗೂ ಹೊಟ್ಟೆಕಿಚ್ಚಾಗುವಂಥ ಕನ್ನಡದಲ್ಲಿ ಹೇಳುತ್ತಿದ್ದ: "ಮಗು ವಿಜಯಲಕ್ಷ್ಮೀ, ಇದು ಕಣ್ಣು. ಇದು ಮೂಗು. ಕಣ್ಣಿನಿಂದ ನಾವು ನೋಡುತ್ತೇವೆ." ಹೊರಗೆ ವಿಜಿ ಬಾಗಿಲು ಬಡಿಯುತ್ತಿದ್ದಳು. ಆ ಸದ್ದು ಟೇಪಿಗೆ ಹತ್ತಿ, ಪಾಠವನ್ನು ಮೊದಲಿನಿಂದ ಹೇಳಬೇಕಾಗುತ್ತಿತ್ತು. ಕಮಲಾ ಓಡಿ ಬಂದು ಮಗುವನ್ನು ಎಳೆದುಕೊಂಡು, "ಶ್! ಗಲಾಟೆ ಮಾಡಬಾರ್ದು. ಅಪ್ಪ ನಿನ್ನ ಹತ್ರ ಮಾತಾಡ್ತಿದ್ದಾರೆ," ಎನ್ನುತ್ತಿದ್ದಳು. ತನ್ನ ಹತ್ತಿರ ಮಾತಾಡುತ್ತಿರುವವನು ಬಾಗಿಲು ಯಾಕೆ ಹಾಕಿಕೊಂಡಿದ್ದಾನೆಂದು ಆ ಮಗು ಹೇಗೆ ಕೇಳೀತು, ಅದಕ್ಕೆ ಮಾತೇ ಬರದು.

ಎರಡು ವಾರದಲ್ಲಿ ಮೂರು ಕ್ಯಾಸೆಟ್ ತುಂಬಿದವು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹಾಕಬೇಕೆಂದು ಅಪ್ಪಣೆಯಾಯಿತು. ಕಮಲಾ ಗುಂಡಿ ಒತ್ತಿ, "ನೋಡು, ಅಪ್ಪ ಬಂದ್ರು," ಎನ್ನುತ್ತಿದ್ದಳು. ವಿಜಿ ಪೆಟ್ಟಿಗೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಜಾಲರಿಗೆ ಕೆನ್ನೆ ಒತ್ತಿ ಕೇಳುತ್ತಿದ್ದಳು. ಅಷ್ಟು ಹೊತ್ತೂ ರಮಾಕಾಂತ ಅದೇ ಹಜಾರದಲ್ಲಿ ಪತ್ರಿಕೆ ಹಿಡಿದು ಕೂತಿರುತ್ತಿದ್ದ. ಮಗು ಹತ್ತಿರ ಬಂದು ಪಂಚೆ ಎಳೆದರೆ, "ಹೋಗು, ಪಾಠ ಕೇಳು," ಎಂದು ಪೆಟ್ಟಿಗೆಯತ್ತ ತಿರುಗಿಸುತ್ತಿದ್ದ.

ಎರಡನೇ ತಿಂಗಳ ಒಂದು ಬೆಳಿಗ್ಗೆ ತಿಂಡಿ ತಿನ್ನುತ್ತಾ ವಿಜಿ ಬಾಯಿ ತೆರೆದಳು. ಗಂಟಲು ಕೆಮ್ಮಿ ಸರಿಮಾಡಿಕೊಂಡು, ದಪ್ಪ ದನಿಯಲ್ಲಿ, "ಮೊದಲನೇ ಬದಿ ಮುಗಿಯಿತು. ದಯವಿಟ್ಟು ಕ್ಯಾಸೆಟ್ಟನ್ನು ತಿರುಗಿಸಿ," ಎಂದಳು.

ಕಮಲಳ ಕೈಯಿಂದ ಸೌಟು ಬಿತ್ತು. ಅತ್ತಳು, ನಕ್ಕಳು, ದೇವರಿಗೆ ದೀಪ ಹಚ್ಚಿದಳು. ರಮಾಕಾಂತ ಬ್ಯಾಂಕಿಗೆ ಹೋಗಿ ಶಾಖೆಗೆಲ್ಲ ಹೇಳಿದ.

ಯುಗಾದಿಗೆ ಊರಿನ ಕನ್ನಡದವರೆಲ್ಲ ಒಂದು ಬಾಡಿಗೆ ಸಭಾಂಗಣದಲ್ಲಿ ಸೇರಿದಾಗ ಅವನು ಪೆಟ್ಟಿಗೆಯನ್ನೂ ಮಗಳನ್ನೂ ವೇದಿಕೆಗೆ ಹತ್ತಿಸಿದ. ಯಂತ್ರ ಹಾಡುತ್ತಿದ್ದಂತೆ ವಿಜಿ ಅದರ ಜೊತೆಗೆ ಕಣ್ಣು, ಮೂಗು ಎಲ್ಲವನ್ನೂ ಒಪ್ಪಿಸಿದಳು. ಚಪ್ಪಾಳೆ ಬಿತ್ತು. ಮುಂದಿನ ಸಾಲಿನ ಹೆಂಗಸೊಬ್ಬಳು ಮುದ್ದಿಗೆ, "ಪುಟ್ಟಿ, ನಿಮ್ಮಪ್ಪ ಯಾರಮ್ಮಾ?" ಎಂದು ಕೇಳಿದಳು. ವಿಜಿ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತಬ್ಬಿ, "ಅಪ್ಪ," ಎಂದಳು.

"ಹಾಗಾದ್ರೆ ಇವರು?" ಎಂದಳು ಹೆಂಗಸು, ರಮಾಕಾಂತನನ್ನು ತೋರಿಸಿ.

"ಏನ್ರೀ."

ಕಮಲಾ ಗಂಡನನ್ನು ಕರೆಯುತ್ತಿದ್ದುದು ಹಾಗೆಯೇ. ಮಗು ಅದನ್ನೇ ಅವನ ಹೆಸರೆಂದು ತಿಳಿದಿತ್ತು. ಸಭೆ ನಕ್ಕಿತು, ರಮಾಕಾಂತನೂ ನಕ್ಕ. ಮನೆಗೆ ಬರುವ ಬಸ್ಸಿನಲ್ಲಿ, "ದನಿಯನ್ನ ಗುರುತು ಹಿಡಿದಿದ್ದಾಳೆ ನೋಡು. ಪ್ರಯೋಗ ಫಲಿಸಿದೆ," ಎಂದ. ಕಮಲಾ ಕಿಟಕಿಯಾಚೆ ನೋಡುತ್ತಿದ್ದಳು.

ಮುಂದಿನ ವರ್ಷ ಫೆಬ್ರವರಿಯಲ್ಲಿ ಅವನಿಗೆ ವಿಜಯವಾಡಕ್ಕೆ ವರ್ಗವಾಯಿತು. ಮೊದಲು ತಾನೊಬ್ಬನೇ ಹೋಗಿ, ಸತ್ಯನಾರಾಯಣಪುರದಲ್ಲಿ ಲಕ್ಷ್ಮೀಕಾಂತಮ್ಮ ಎಂಬ ವಿಧವೆಯ ಮನೆಯ ಮುಂಭಾಗ ಹಿಡಿದ. ತಾನಿಲ್ಲದಿದ್ದರೂ ಮಗಳಿಗೆ ಅಪ್ಪನ ಕೊರತೆಯಾಗದು ಎಂದು ಅವನಿಗೆ ಪೂರ್ತಿ ಭರವಸೆ. ಕೊರತೆ ಆಗಲೂ ಇಲ್ಲ.

ಮೇ ತಿಂಗಳಲ್ಲಿ ಕಮಲಾ ಮಗುವಿನೊಂದಿಗೆ ದುವ್ವಾಡದಲ್ಲಿ ರೈಲು ಹತ್ತಿದಳು. ಬೀಳ್ಕೊಡಲು ಬಂದ ಕನಕದುರ್ಗ ಕಣ್ಣು ಒರೆಸಿಕೊಳ್ಳುತ್ತಾ ನಿಂತಿದ್ದಳು. ವಿಜಿ ಪೆಟ್ಟಿಗೆಯನ್ನು ಯಾರಿಗೂ ಕೊಡಲಿಲ್ಲ. ಕಿಟಕಿಯ ಪಕ್ಕ ಬಿಸಿಲಿಗೆ ಅದನ್ನು ಕೂರಿಸಿ, "ಅಪ್ಪ ರೈಲು ನೋಡ್ಲಿ," ಎಂದಳು. ಕೆಂಡದಂಥ ಗಾಳಿಯಲ್ಲಿ ಅಪ್ಪ ರಾಜಮಂಡ್ರಿ ನೋಡಿದ, ಗೋದಾವರಿ ನೋಡಿದ, ಏಲೂರು ನೋಡಿದ. ಸ್ಟೇಷನ್ನಿಗೆ ಬಂದ ರಮಾಕಾಂತ ಕೈ ಚಾಚಿದಾಗ ಮಗು ತಾಯಿಯ ಸೆರಗಿನ ಹಿಂದೆ ಸರಿಯಿತು.

ಮಾರನೆಯ ದಿನ ಶನಿವಾರ, ಬ್ಯಾಂಕಿಗೆ ಅರ್ಧ ದಿನ. ಕಮಲಾ ಬಟ್ಟೆ ಒಗೆಯಲು ಹಿತ್ತಲಿಗೆ ಹೋಗಿದ್ದಳು. ವಿಜಿ ತಾನೇ ಗುಂಡಿ ಒತ್ತಿದಳು. ರೈಲಿನ ಬಿಸಿಲಿಗೆ ಕ್ಯಾಸೆಟ್ ಸೊಟ್ಟಗಾಗಿತ್ತು. "ಮಗು ವಿಜಯ..." ಎಂದ ದನಿ ಎಮ್ಮೆ ಕೂಗಿದ ಹಾಗೆ ಎಳೆದು, ನರಳಿ, ಗೊರಗೊರ ಎಂದು ನಿಂತುಹೋಯಿತು. ಒಳಗಿನಿಂದ ಕಂದು ಪಟ್ಟಿ ಕರುಳಿನಂತೆ ಹೊರಗೆ ಬಂತು.

ವಿಜಿ ಬೀದಿಗೆ ಓಡಿದಳು. "ಮಾ ನಾನ್ನ ಚಚ್ಚಿಪೋಯಾಡು!" ಎಂದು ಕಿರುಚಿಕೊಂಡಳು. ನಮ್ಮಪ್ಪ ಸತ್ತುಹೋದ!

ಅಚ್ಚ ತೆಲುಗು. ಅದೂ ಬೀದಿಗೆಲ್ಲ ಕೇಳುವಂತೆ. ಲಕ್ಷ್ಮೀಕಾಂತಮ್ಮ ಕೈಯಲ್ಲಿದ್ದ ಮೊರ ಬಿಸಾಕಿ ಓಡಿ ಬಂದರು. ನಿನ್ನೆಯಷ್ಟೇ ಬಂದ ಸಂಸಾರ, ಹೀಗಾಗಬಾರದಿತ್ತು! ಬ್ಯಾಂಕಿನಲ್ಲೇ ಆಗಿರಬೇಕು, ಬಿಸಿಲೇ ಹೊಡೆದಿರಬೇಕು ಎಂದು ಎದುರು ಮನೆಯವರು ನಿರ್ಧರಿಸಿದರು. ಹತ್ತು ನಿಮಿಷದಲ್ಲಿ ಜಗಲಿ ತುಂಬಿತು. ಹಿತ್ತಲಿನಿಂದ ಒದ್ದೆ ಸೀರೆಯಲ್ಲಿ ಬಂದ ಕಮಲಳನ್ನು ನಾಲ್ಕು ಹೆಂಗಸರು ತಬ್ಬಿ ಅಳತೊಡಗಿದರು. ಅವಳಿಗೆ ಬಾಯಿ ಬಿಡಲು ಸಂದು ಸಿಗಲಿಲ್ಲ. ಲಕ್ಷ್ಮೀಕಾಂತಮ್ಮ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು, ನಿಮ್ಮ ನಾನ್ನ ಹೇಗಿದ್ದರಮ್ಮಾ ಎಂದು ತೆಲುಗಿನಲ್ಲಿ ಕೇಳಿದರು.

ವಿಜಿ ಬಿಕ್ಕುತ್ತಾ ಹೇಳತೊಡಗಿದಳು. ಒಂದು ತಡವರಿಕೆಯಿಲ್ಲದ ತೆಲುಗು. ನಾನ್ನ ಒಮ್ಮೆಯೂ ಬೈಯುತ್ತಿರಲಿಲ್ಲ. ಕರೆದಾಗಲೆಲ್ಲ ಬರುತ್ತಿದ್ದ. ಬ್ಯಾಂಕಿಗೆ ಹೋಗುತ್ತಿರಲಿಲ್ಲ. ಪೇಪರು ಓದುತ್ತಿರಲಿಲ್ಲ. ದಿನಾ ನನ್ನ ಹೆಸರು ಹಿಡಿದು ಮಾತಾಡುತ್ತಿದ್ದ.

ಕೇಳಿದವರ ಕಣ್ಣು ಒದ್ದೆಯಾಯಿತು. ಆ ಹೊತ್ತಿಗೆ ಕಂಕುಳಲ್ಲಿ ಒಂದು ಕಲ್ಲಂಗಡಿ ಹಣ್ಣು ಇಟ್ಟುಕೊಂಡು ರಮಾಕಾಂತ ಗೇಟು ತೆರೆದು ಬಂದ. ಮನೆ ಮುಂದೆ ಜನ, ಅಳು. ಚಪ್ಪಲಿ ಬಿಡುವುದನ್ನೂ ಮರೆತು ನಿಂತ. ಮಗಳು ಅವಳ ಬಾಯಲ್ಲಿ ತಾನು ಎಂದೂ ಕೇಳಿರದ ಭಾಷೆಯಲ್ಲಿ ತನ್ನನ್ನೇ ಹೊಗಳುತ್ತಿರುವುದು ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅದು ತಾನಲ್ಲ ಎಂದು ಅರ್ಥವಾಗಲು ಇನ್ನೂ ಸ್ವಲ್ಪ ಹೊತ್ತು.

ಲಕ್ಷ್ಮೀಕಾಂತಮ್ಮ ಅವನನ್ನು ನೋಡಿ ಬೆವರಿದರು. ಮಗುವಿನ ಗಲ್ಲ ಹಿಡಿದು, "ಮರಿ ಈಯನ ಎವರಮ್ಮಾ?" ಎಂದು, ಹಾಗಾದರೆ ಇವರು ಯಾರೆಂದು ಕೇಳಿದರು.

"ಈಯನ ಏನ್ರೀ," ಎಂದಳು ವಿಜಿ.

ಜನ ಚದುರಲು ಅರ್ಧ ಗಂಟೆ ಬೇಕಾಯಿತು. ಕೆಲವರಿಗೆ ಅತ್ತದ್ದು ವ್ಯರ್ಥವಾಯಿತೆಂದು ಬೇಸರವೂ ಇತ್ತು. ಅವರು ಹೋದ ಮೇಲೆ ರಮಾಕಾಂತ ಹೆಂಡತಿಯನ್ನು ಕೇಳಿದ: "ಇಷ್ಟೊಂದು ತೆಲುಗು ಇವಳಿಗೆ ಯಾವಾಗ ಬಂತೇ?"

"ಎರಡು ವರ್ಷ ಆಯ್ತು. ಕನಕದುರ್ಗ ಇವಳನ್ನ ಸೊಂಟದ ಮೇಲೆ ಕೂರಿಸ್ಕೊಂಡು ಇಡೀ ದಿನ ವಟವಟ ಅಂತಿದ್ಳು. ಅಲ್ಲಿ ಇವಳೂ ಅಷ್ಟೇ ಮಾತಾಡ್ತಿದ್ಳಂತೆ. ನಂಗೆ ಗೊತ್ತಾಗಿದ್ದು ಆ ಯುಗಾದಿ ಆದ್ಮೇಲೆ."

"ಹೇಳಬಾರ್ದಾಗಿತ್ತೇ?"

"ನೀವು ಅಷ್ಟು ಖುಷಿಯಾಗಿದ್ರಿ. ಹೆಂಗೆ ಹೇಳ್ಲಿ?"

ಇದಕ್ಕೂ ರಮಾಕಾಂತನ ಹತ್ತಿರ ಒಂದು ಅಭಿಪ್ರಾಯ ಇರಬೇಕಾಗಿತ್ತು. ಅವನು ಸ್ಕ್ರೂ ಡ್ರೈವರ್ ತಂದು ನೆಲದ ಮೇಲೆ ಕೂತು ಪೆಟ್ಟಿಗೆ ಬಿಚ್ಚಿದ. ಕತ್ತರಿಸಿ ಶ್ಯಾವಿಗೆಯಾದ ಪಟ್ಟಿಯನ್ನು ಎಳೆಯುತ್ತಾ ಹೋದ. ವಿಜಿ ಮೆಲ್ಲಗೆ ಬಂದು ಪೆಟ್ಟಿಗೆಯೊಳಗೆ ಇಣುಕಿದಳು. ತಂತಿ, ಚಕ್ರ, ಧೂಳು. ಯಾರೂ ಇಲ್ಲ. ಅವಳ ತುಟಿ ಮತ್ತೆ ನಡುಗಿತು.

ದಿಕ್ಕು ತೋಚದೆ ರಮಾಕಾಂತ ಅವಳ ಮುಖ ಹಿಡಿದು, "ಅಳಬೇಡ. ಮಗು ವಿಜಯಲಕ್ಷ್ಮೀ... ಇದು ಕಣ್ಣು. ಇದು ಮೂಗು," ಎಂದ. ಈ ಸಲ ಆಕಾಶವಾಣಿಯ ಗತ್ತು ಇರಲಿಲ್ಲ, ದನಿ ಒಡೆದಿತ್ತು. ಆದರೂ ಮಗು ತಟ್ಟನೆ ತಲೆ ಎತ್ತಿತು. ಅವನ ಬಾಯನ್ನು ನೋಡಿತು, ಗಂಟಲು ಮುಟ್ಟಿತು. ಅನುಮಾನದಿಂದ ಅವನ ಅಂಗಿಯ ಗುಂಡಿಯೊಂದನ್ನು ಒತ್ತಿತು. ರಮಾಕಾಂತ ಮುಂದುವರಿಸಿದ. ಮತ್ತೆ ಒತ್ತಿತು. ನಿಲ್ಲಿಸಿದ. ವಿಜಿಯ ಮುಖ ಅರಳಿತು.

ಆ ಬೇಸಿಗೆಯೆಲ್ಲ ಬ್ಯಾಂಕ್ ಅಧಿಕಾರಿ ರಮಾಕಾಂತ ಹೀಗೆ ಗುಂಡಿ ಒತ್ತಿಸಿಕೊಂಡು ಮಾತಾಡಿದ, ಗುಂಡಿ ಒತ್ತಿಸಿಕೊಂಡು ಸುಮ್ಮನಾದ. ಅವನನ್ನು ಸುಮ್ಮನಾಗಿಸುವ ಉಪಾಯ ಇದೆಯೆಂದು ಕಮಲಳಿಗೆ ಗೊತ್ತಾದದ್ದು ಆಗಲೇ. ಪಾಠ ಎರಡು ದಿನದಲ್ಲಿ ಮುಗಿದುಹೋಯಿತು. ಮಗು ಬಿಡಲಿಲ್ಲ. ಹೇಳಲು ಬೇರೇನೂ ಇಲ್ಲದೆ ಅವನು ಬ್ಯಾಂಕಿಗೆ ಬಂದ ಮುದುಕಿಯ ಕಥೆ ಹೇಳಿದ, ಕ್ಯಾಷಿಯರ್ ಸೀನಿದ್ದು ಹೇಳಿದ. ಅವಳು ತೆಲುಗಿನಲ್ಲಿ ಕೇಳುತ್ತಿದ್ದಳು, ಅವನು ಕನ್ನಡದಲ್ಲಿ ಹೇಳುತ್ತಿದ್ದ, ನಡುವೆ ಎರಡೂ ಕಲೆಸಿಹೋಗುತ್ತಿದ್ದವು. ಗುಂಡಿ ಒತ್ತುವುದು ಯಾವ ದಿನ ನಿಂತಿತೆಂದು ಯಾರೂ ಗಮನಿಸಲಿಲ್ಲ.

ಜೂನಿನಲ್ಲಿ ಅವಳನ್ನು ಶಾಲೆಗೆ ಸೇರಿಸಿದರು. ಮೊದಲ ದಿನ ಅವನೇ ಕಾಲುವೆಯ ದಂಡೆಯ ಮೇಲೆ ನಡೆಸಿಕೊಂಡು ಹೊರಟ. ನೀರು ಕಟ್ಟೆ ಒಡೆಯುವಷ್ಟು ತುಂಬಿ ಹರಿಯುತ್ತಿತ್ತು.

"ಅಪ್ಪಾ, ನಿನ್ನೆ ನೀಳ್ಳು ಇರ್ಲಿಲ್ಲ. ಇವತ್ತು ಎಕ್ಕಡಿಂದ ಬಂತು?"

ರಮಾಕಾಂತ ನೀರನ್ನು ನೋಡಿದ. "ಗೊತ್ತಿಲ್ಲ ಕಣಮ್ಮಾ," ಎಂದ.

ವಿಜಿ ಅಷ್ಟಕ್ಕೆ ಬಿಡುವವಳಲ್ಲ. ಇಬ್ಬರೂ ಕಾಲುವೆಯ ನೀರು ತಡೆಯುವ ಲಾಕಿನ ಹತ್ತಿರ ಹೋಗಿ ಗೇಟು ತಿರುಗಿಸುವವನನ್ನು ಕೇಳಿದರು. ಅವನು ಬೀಡಿ ಆರಿಸಿ, ಕೃಷ್ಣೆಗೆ ಕಟ್ಟಿದ ಬ್ಯಾರೇಜು, ನೀರು ಬಿಡುವ ದಿನ, ಬತ್ತದ ಗದ್ದೆಗಳು ಎಂದು ಕೈಬೀಸಿ ವಿವರಿಸಿದ. ತಂದೆ ಮಗಳು ಬಾಯಿ ಬಿಟ್ಟುಕೊಂಡು ಕೇಳಿದರು. ಶಾಲೆಯ ಗಂಟೆ ಹೊಡೆದು ಎಷ್ಟೋ ಹೊತ್ತಾದ ಮೇಲೆ ತಲುಪಿದ್ದಕ್ಕೆ ಹೆಡ್‌ಮಿಸ್ಸು ಇಬ್ಬರನ್ನೂ ಬಾಗಿಲ ಹೊರಗೆ ನಿಲ್ಲಿಸಿದರು.